ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಆಫ್ ಆಗ್ತಿದೆಯಾ? ಫಾರ್ಮ್ಯಾಟ್ ಮಾಡೋ ಮೊದಲು ಈ ಕ್ರಮದಲ್ಲಿ ನೋಡಿ

ಬೆಂಗಳೂರಿನ ಬಸವೇಶ್ವರನಗರದಲ್ಲಿರುವ ನಮ್ಮ ಬಿಲ್ಡಿಂಗಿನ ಕೆಳಮನೆಯಲ್ಲಿ ಬಿಸಿಎ ಓದುವ ಹುಡುಗಿ ಇದ್ದಾಳೆ. ಹೋದ ವರ್ಷ ಒಂದು ಹಳೆ ಲ್ಯಾಪ್‌ಟಾಪ್ ತಂದಳು. ಎರಡೇ ವಾರಕ್ಕೆ ಅದು ಕೆಲಸದ ಮಧ್ಯೆ ಪಟ್ ಅಂತ ಆಫ್ ಆಗತೊಡಗಿತು. ಫಾರ್ಮ್ಯಾಟ್ ಮಾಡಿಸಿದಳು, ನಿಲ್ಲಲಿಲ್ಲ. ರ‍್ಯಾಮ್ ಬದಲಿಸಿದರು, ನಿಲ್ಲಲಿಲ್ಲ. ಮತ್ತೆ ಫಾರ್ಮ್ಯಾಟ್. ನನ್ನ ಹತ್ತಿರ ಬರುವಷ್ಟರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಖರ್ಚಾಗಿತ್ತು, ಪ್ರಾಜೆಕ್ಟಿನ ಫೈಲೂ ಹೋಗಿತ್ತು. ತೊಂದರೆ ಇದ್ದದ್ದು ಚಾರ್ಜರ್ ಮತ್ತು ಬ್ಯಾಟರಿಯಲ್ಲಿ.

ಇದೇ ಕತೆಯನ್ನು ನಾನು ಬೇರೆ ಬೇರೆ ಮನೆಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಜನ ಎಡವುವುದು ಕೌಶಲ್ಯ ಇಲ್ಲದೆ ಅಲ್ಲ, ಕ್ರಮ ತಪ್ಪಿ. ಮೊದಲೇ ಫಾರ್ಮ್ಯಾಟ್ ಮಾಡಿದರೆ ಯಂತ್ರ ಬರೆದಿಟ್ಟಿದ್ದ ಸುಳಿವುಗಳೆಲ್ಲ ಅಳಿಸಿಹೋಗುತ್ತವೆ. ಒಂದೇ ದಿನ ಮೂರು ಭಾಗ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್ ಮತ್ತು ಪೆನ್ನು. ಇದನ್ನು ಬಿಡಲೇಬೇಡಿ. 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್ ಡ್ರೈವ್ ಒಂದು, ಫೈಲ್ ಕಾಪಿ ಮಾಡಲು ಹೊರಗಿನ ಹಾರ್ಡ್ ಡಿಸ್ಕ್ ಒಂದು. ಬಿಚ್ಚುವ ಹಂತಕ್ಕೆ ಹೋದರೆ ಸಣ್ಣ ಫಿಲಿಪ್ಸ್ ಸ್ಕ್ರೂಡ್ರೈವರ್, ಮೆತ್ತನೆ ಬ್ರಷ್, ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಲೇಪ), ಅದನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಟೌನ್ ಹಾಲ್ ಹತ್ತಿರದ ಎಸ್.ಪಿ. ರೋಡಿನಲ್ಲಿ ಇವೆಲ್ಲ ಸಿಗುತ್ತವೆ. ಆದರೆ ಈಗಲೇ ಹೋಗಬೇಡಿ. ಎಷ್ಟೋ ಯಂತ್ರಗಳನ್ನು ಬಿಚ್ಚುವ ಅಗತ್ಯವೇ ಬರುವುದಿಲ್ಲ.

ಹಂತ 1: ಮೊದಲು ವಾರಂಟಿ, ಫೈಲ್, ಡಿಸ್ಕ್

ಅಂಗಡಿಯವರು ಕೊಟ್ಟ ವಾರಂಟಿ ಇನ್ನೂ ಇದೆಯಾ ನೋಡಿ. ಹಳೆ ಲ್ಯಾಪ್‌ಟಾಪಿಗೆ ಒಂದು ವಾರವೋ ಒಂದು ತಿಂಗಳೋ ಬಾಯಿಮಾತಿನ ವಾರಂಟಿ ಇರುತ್ತದೆ. ಸ್ಕ್ರೂ ಮೇಲೆ ಅಂಗಡಿಯ ಸ್ಟಿಕ್ಕರ್ ಇದ್ದರೆ ಅದನ್ನು ಹರಿಯಬೇಡಿ. ಆಫ್ ಆಗುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್, ಲ್ಯಾಪ್‌ಟಾಪ್ ಕೆಳಗಿನ ನಂಬರ್ ಎರಡೂ ಒಂದೇನಾ ಎಂದು ಹೊಂದಿಸಿ ನೋಡಿ. ಅಂಗಡಿಯವರು ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ನಿಮ್ಮ ಕೈ ಹಿಡಿಯುವುದು ಬಿಲ್ಲು ಮತ್ತು ಆ ವಿಡಿಯೊ.

ಆಮೇಲೆ ಫೈಲ್ ಕಾಪಿ. ಫೋಟೊ, ಪ್ರಾಜೆಕ್ಟ್, ದಾಖಲೆ, ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಹಾಕಿ. ಸೆಟ್ಟಿಂಗ್ಸಿನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯಾ ನೋಡಿ. ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಮುಂದೆ ಬಯಾಸ್ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ಒಳಗಿನ ತಂತ್ರಾಂಶ) ಮುಟ್ಟಿದಾಗ ಯಂತ್ರ ಆ 48 ಅಂಕಿಗಳ ಕೀ ಕೇಳಬಹುದು. ಇಲ್ಲದಿದ್ದರೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ.

ಕಾಪಿ ಮುಗಿದ ಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಬಣ್ಣದಲ್ಲಿ ‘ಗುಡ್’ ಅಂದರೆ ಸದ್ಯಕ್ಕೆ ಸರಿ. ಹಳದಿ ಇದ್ದರೆ ಕೆಳಗಿನ ಪಟ್ಟಿ ಓದಿ. ಸಾಟಾ ಎಂಬ ಬಗೆಯ ಡಿಸ್ಕಿನಲ್ಲಿ 05 ನಂಬರಿನ ಸಾಲು ಕೆಟ್ಟುಹೋಗಿ ಬದಲಾದ ಸೆಕ್ಟರುಗಳದು (ಸೆಕ್ಟರ್ ಅಂದರೆ ಡಿಸ್ಕಿನ ಒಂದು ಪುಟ್ಟ ತುಣುಕು), ಸಿ5 ಅನುಮಾನದಲ್ಲಿ ಇಟ್ಟಿರುವ ಸೆಕ್ಟರುಗಳದು, ಸಿ6 ಓದಲಾಗದೆ ಉಳಿದವುಗಳದು. ಈ ಮೂರರ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸಿ, ಬೇರೆ ಯೋಚನೆ ಬೇಡ. ಸಿ7 ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ತಪ್ಪು ಡಿಸ್ಕಿನದಲ್ಲ, ಅದಕ್ಕೆ ಹೋಗುವ ಕೇಬಲ್ ಅಥವಾ ಕನೆಕ್ಟರಿನದು. ಇದು ಗೊತ್ತಿಲ್ಲದೆ ಒಳ್ಳೆ ಡಿಸ್ಕ್ ಎಸೆದವರಿದ್ದಾರೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಡಿಸ್ಕ್ ಕೆಡುತ್ತಿದೆ ಅಂತ ಗೊತ್ತಾದ ಕೂಡಲೇ ವಿಂಡೋಸಿನ ಡಿಸ್ಕ್ ಪರೀಕ್ಷೆ ‘ಚೆಕ್ ಡಿಸ್ಕ್’ ಓಡಿಸುತ್ತಾರೆ. ಸಾಯುತ್ತಿರುವ ಡಿಸ್ಕಿಗೆ ಅದು ಭಾರೀ ಕೆಲಸ. ಕಾಪಿ ಆಗದೆ ಅದನ್ನು ಓಡಿಸಬೇಡಿ.

ಹಂತ 2: ಯಾವ ರೀತಿ ನಿಲ್ಲುತ್ತದೆ ಎಂದು ಬರೆದಿಡಿ

‘ಕ್ರ್ಯಾಶ್ ಆಗುತ್ತದೆ’ ಅಂದರೆ ಸಾಲದು. ನಿಲ್ಲುವ ರೀತಿ ನಾಲ್ಕು, ಒಂದೊಂದಕ್ಕೂ ದಾರಿ ಬೇರೆ.

ಪಟ್ ಅಂತ ಕತ್ತಲಾಗಿ ಫ್ಯಾನೂ ನಿಂತರೆ ಅದು ಕರೆಂಟ್ ಅಥವಾ ಬಿಸಿಯ ಕಡೆಗೆ ಬೆರಳು ತೋರಿಸುತ್ತದೆ. ನೀಲಿ ಪರದೆ ಬಂದರೆ ಒಳ್ಳೆಯದೇ, ಕಾರಣದ ಹೆಸರು ಅದರ ಮೇಲೇ ಇರುತ್ತದೆ. (ವಿಂಡೋಸ್ 11ರ ಹೊಸ ಅಪ್‌ಡೇಟುಗಳಲ್ಲಿ ಅದು ಕಪ್ಪು ಪರದೆ.) ಚಿತ್ರ ಹಾಗೇ ನಿಂತು ಮೌಸ್ ಕೂಡ ಅಲುಗಾಡದಿದ್ದರೆ ಡಿಸ್ಕ್, ಗ್ರಾಫಿಕ್ಸ್ ಅಥವಾ ರ‍್ಯಾಮ್. ಪರದೆ ಮಾತ್ರ ಕಪ್ಪಾಗಿ ಹಾಡು ಕೇಳುತ್ತಲೇ ಇದ್ದರೆ ಅದು ಕ್ರ್ಯಾಶೇ ಅಲ್ಲ. ಪರದೆಯ ಕೇಬಲ್ ಅಥವಾ ಗ್ರಾಫಿಕ್ಸ್ ಡ್ರೈವರ್ ನೋಡಬೇಕು (ಡ್ರೈವರ್ ಅಂದರೆ ಒಂದು ಭಾಗವನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶ).

ಪ್ರತಿ ಸಲ ನಿಂತಾಗಲೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ತಾರೀಕು, ಗಂಟೆ, ಏನು ಮಾಡುತ್ತಿದ್ದಿರಿ, ಚಾರ್ಜರ್ ಹಾಕಿತ್ತಾ, ಬ್ಯಾಟರಿ ಎಷ್ಟು ಪರ್ಸೆಂಟ್, ಫ್ಯಾನ್ ಜೋರಾಗಿತ್ತಾ, ಯಂತ್ರ ಮೇಜಿನ ಮೇಲಿತ್ತಾ ಹಾಸಿಗೆ ಮೇಲಿತ್ತಾ. ಐದಾರು ಸಾಲು ಆಗುವಷ್ಟರಲ್ಲಿ ಒಂದು ಮಾದರಿ ಕಾಣಿಸಿಕೊಳ್ಳುತ್ತದೆ. ಕೆಳಮನೆ ಹುಡುಗಿಯ ಪುಟದಲ್ಲಿ ಆರಕ್ಕೆ ಐದು ಸಲ ‘ಚಾರ್ಜರ್ ಹಾಕಿತ್ತು, ಗೂಗಲ್ ಮೀಟ್ ನಡೀತಿತ್ತು’ ಅಂತ ಇತ್ತು. ವಿಡಿಯೊ ಕರೆಯಲ್ಲಿ ಯಂತ್ರ ಜಾಸ್ತಿ ಕರೆಂಟ್ ಎಳೆಯುತ್ತದೆ ಅಲ್ವಾ, ನಮಗೆ ಮೊದಲ ಎಳೆ ಸಿಕ್ಕಿದ್ದು ಅಲ್ಲೇ.

ಹಂತ 3: ಯಂತ್ರ ಬರೆದಿಟ್ಟ ಲೆಕ್ಕ ಓದಿ

ಹೆಚ್ಚಿನವರು ದಾಟಿಹೋಗುವ ಹಂತ ಇದೇ. ಅರ್ಧ ಗಂಟೆ ಇಲ್ಲಿ ಕೂತರೆ ಮುಂದಿನ ನಾಲ್ಕು ದಿನ ಉಳಿಯುತ್ತದೆ.

ಮೊದಲು ಒಂದು ಸೆಟ್ಟಿಂಗ್ ಬದಲಿಸಿ. ನೀಲಿ ಪರದೆ ಬಂದ ಕೂಡಲೇ ವಿಂಡೋಸ್ ತಾನೇ ರೀಸ್ಟಾರ್ಟ್ ಆಗುತ್ತದೆ, ಓದಲು ಬಿಡುವುದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಹುಡುಕಿ, ‘ಸ್ಟಾರ್ಟಪ್ ಅಂಡ್ ರಿಕವರಿ’ ಕೆಳಗಿನ ಬಟನ್ ಒತ್ತಿ, ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಅಲ್ಲೇ ಕೆಳಗೆ ‘ಸ್ಮಾಲ್ ಮೆಮೊರಿ ಡಂಪ್’ ಆರಿಸಿ, ನಿಂತ ಕ್ಷಣದ ವಿವರ ಒಂದು ಸಣ್ಣ ಫೈಲಿನಲ್ಲಿ ಉಳಿಯುತ್ತದೆ.

ನಂತರ ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿ. ದಿನದ ಲೆಕ್ಕದಲ್ಲಿ ಒಂದು ಗ್ರಾಫ್ ಬರುತ್ತದೆ, ಕೆಂಪು ಗುರುತು ಇದ್ದ ಕಡೆ ತೊಂದರೆ ಆಗಿದೆ ಎಂದರ್ಥ. ಯಾವ ದಿನ ಶುರುವಾಯಿತು, ಆ ದಿನ ಯಾವ ಡ್ರೈವರ್ ಅಥವಾ ಅಪ್‌ಡೇಟ್ ಬಂದಿತ್ತು ಎಂದು ಇಲ್ಲೇ ಕಾಣಿಸುತ್ತದೆ.

ಇನ್ನೂ ಆಳಕ್ಕೆ ಹೋಗಬೇಕು ಅಂದರೆ ‘ಈವೆಂಟ್ ವ್ಯೂಯರ್’ ತೆರೆಯಿರಿ. ‘ವಿಂಡೋಸ್ ಲಾಗ್ಸ್’ ಒಳಗೆ ‘ಸಿಸ್ಟಮ್’. ನೋಟ್‌ಬುಕ್ಕಿನಲ್ಲಿ ಬರೆದ ಗಂಟೆಗೆ ಹೋಗಿ. ಅಲ್ಲಿ ‘ಕರ್ನಲ್ ಪವರ್’, ನಂಬರ್ 41 ಎಂಬ ಸಾಲು ಖಂಡಿತ ಕಾಣಿಸುತ್ತದೆ. ಇದನ್ನು ನೋಡಿ ‘ಪವರ್ ಅಂತ ಬರೆದಿದೆ, ಹಾಗಾದ್ರೆ ಕರೆಂಟಿನ ತೊಂದರೆ’ ಎಂದು ಓಡಬೇಡಿ. 41 ಹೇಳುವುದು ಇಷ್ಟೇ: ಹಿಂದಿನ ಸಲ ಯಂತ್ರವನ್ನು ಸರಿಯಾಗಿ ಶಟ್‌ಡೌನ್ ಮಾಡಿರಲಿಲ್ಲ. ಕಾರಣ ಅದಕ್ಕೂ ಗೊತ್ತಿಲ್ಲ.

ಆದರೆ ಅದೇ ಸಾಲಿನ ‘ಡಿಟೇಲ್ಸ್’ ಒತ್ತಿದರೆ ‘ಬಗ್‌ಚೆಕ್ ಕೋಡ್’ ಎಂಬ ಸಂಖ್ಯೆ ಇರುತ್ತದೆ, ನೀಲಿ ಪರದೆಯ ಕಾರಣದ ನಂಬರ್ ಅದು. ಅದು 0 ಆಗಿದ್ದರೆ ನೀಲಿ ಪರದೆ ಬರೆದಿಡುವಷ್ಟೂ ಸಮಯ ಸಿಕ್ಕಿಲ್ಲ. ಕರೆಂಟ್ ಕಡಿದಿದೆ, ಅತಿ ಬಿಸಿಯಿಂದ ಆಫ್ ಆಗಿದೆ, ಅಥವಾ ಹ್ಯಾಂಗ್ ಆದಾಗ ನೀವೇ ಪವರ್ ಬಟನ್ ಒತ್ತಿದ್ದೀರಿ. 26 ಇದ್ದರೆ ಮೆಮೊರಿ. 122 ಇದ್ದರೆ ಡಿಸ್ಕಿನಿಂದ ಓದಲು ಆಗಿಲ್ಲ, ಹಂತ 1ಕ್ಕೆ ವಾಪಸ್ ಹೋಗಿ. 159 ಅಂದರೆ ಸ್ಲೀಪ್‌ಗೆ ಹೋಗುವಾಗ ಅಥವಾ ಏಳುವಾಗ ಯಾವುದೋ ಡ್ರೈವರ್ ಕೈಕೊಟ್ಟಿದೆ. 278 ಗ್ರಾಫಿಕ್ಸಿನದು. 292 ಬಂದರೆ ಯಂತ್ರದ ಭಾಗದಿಂದಲೇ ದೋಷ ವರದಿಯಾಗಿದೆ ಎಂದರ್ಥ, ಫಾರ್ಮ್ಯಾಟ್ ಮಾಡಿ ಪ್ರಯೋಜನ ತೀರಾ ಕಡಿಮೆ.

41ರ ಸ್ವಲ್ಪ ಮೊದಲಿನ ಸಾಲುಗಳನ್ನೂ ನೋಡಿ. ‘ಡಿಸ್ಕ್’ ಹೆಸರಿನಲ್ಲಿ 7 ಅಥವಾ 153 ಇದ್ದರೆ ಡಿಸ್ಕಿನ ಕಡೆ ತಿರುಗಿ. ‘ವೀಯಾ ಲಾಗರ್’ (ಇಂಗ್ಲಿಷಿನಲ್ಲಿ WHEA-Logger) ಇದ್ದರೆ ಹಾರ್ಡ್‌ವೇರ್, ಅಂದರೆ ಯಂತ್ರದ ಭಾಗಗಳದೇ ದೋಷ.

ಒಂದು ಎಚ್ಚರಿಕೆ. ನೀಲಿ ಪರದೆಯ ಹೆಸರು ಪ್ರತಿ ಸಲವೂ ಬೇರೆ ಬೇರೆ ಬರುತ್ತಿದ್ದರೆ, ಒಂದೊಂದು ಹೆಸರನ್ನೂ ಹುಡುಕಿ ಒಂದೊಂದು ಮದ್ದು ಮಾಡುತ್ತಾ ಕೂರಬೇಡಿ. ಹೆಸರು ಹೀಗೆ ಬದಲಾಗುತ್ತಲೇ ಇದ್ದರೆ ನಾನು ಮೊದಲು ಅನುಮಾನಿಸುವುದು ರ‍್ಯಾಮ್. ಕೆಟ್ಟ ರ‍್ಯಾಮ್ ಯಾವ ಪ್ರೋಗ್ರಾಮ್ ಸಿಕ್ಕಿದರೆ ಅದನ್ನೇ ಬೀಳಿಸುತ್ತದೆ.

ಹಂತ 4: ಚಾರ್ಜರ್, ಬ್ಯಾಟರಿ, ಪ್ಲಗ್

ಖರ್ಚಿಲ್ಲದೆ ಪರೀಕ್ಷೆ ಮಾಡಬಹುದಾದ ಭಾಗ ಇದು. ಬೆಂಗಳೂರಿಗೆ ಬರುವ ಹಳೆ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಐಟಿ ಕಂಪನಿಗಳು ಬಳಸಿ ಬಿಟ್ಟವು. ಯಂತ್ರ ಗಟ್ಟಿ ಇರುತ್ತದೆ, ಆದರೆ ಅದರ ಜೊತೆ ಕೊಡುವ ಚಾರ್ಜರ್ ಅದರದ್ದೇ ಆಗಿರುತ್ತದೆ ಎಂಬ ಖಾತ್ರಿ ಇಲ್ಲ.

ಚಾರ್ಜರಿನ ಹಿಂದೆ ‘ಔಟ್‌ಪುಟ್’ ಎಂದು ಬರೆದ ಸಾಲು ನೋಡಿ. ವೋಲ್ಟನ್ನು ಆಂಪಿನಿಂದ ಗುಣಿಸಿ. 19.5 ವೋಲ್ಟ್, 3.34 ಆಂಪ್ ಅಂದರೆ 65 ವ್ಯಾಟ್. 19.5 ವೋಲ್ಟ್, 4.62 ಆಂಪ್ ಅಂದರೆ 90 ವ್ಯಾಟ್. ನಿಮ್ಮ ಮಾಡೆಲಿಗೆ ಕಂಪನಿ ಎಷ್ಟು ವ್ಯಾಟ್ ಹೇಳಿದೆ ನೋಡಿ. ವೋಲ್ಟ್ ಹೊಂದಬೇಕು, ವ್ಯಾಟ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಡೆಲ್ ಯಂತ್ರವಾದರೆ ಪಿನ್ನಿನ ನಡುವಿನ ಸಣ್ಣ ಸೂಜಿ ಮುರಿದಿದೆಯಾ ಎಂದೂ ನೋಡಿ. ಆ ಸೂಜಿಯ ಮೂಲಕವೇ ಯಂತ್ರ ಚಾರ್ಜರನ್ನು ಗುರುತು ಹಿಡಿಯುವುದು. ಗುರುತು ಸಿಗದಿದ್ದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ವೇಗವೂ ಬೀಳುತ್ತದೆ.

ಬ್ಯಾಟರಿಗೆ ವಿಂಡೋಸಿನಲ್ಲೇ ಒಂದು ವರದಿ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪವರ್ ಸಿಎಫ್‌ಜಿ ಎಂದು ಒಟ್ಟಿಗೆ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಒಟ್ಟಿಗೆ ಬರೆದು ಎಂಟರ್ ಒತ್ತಿ. ಫೈಲ್ ಎಲ್ಲಿ ಉಳಿಯಿತು ಎಂದು ಅದೇ ಹೇಳುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ಸೋತಿದೆ. ಸೋತ ಬ್ಯಾಟರಿ 40 ಪರ್ಸೆಂಟ್ ತೋರಿಸುತ್ತಲೇ, ಭಾರದ ಕೆಲಸ ಬಂದಾಗ ವೋಲ್ಟೇಜ್ ಕುಸಿದು ಯಂತ್ರವನ್ನು ಆಫ್ ಮಾಡಿಬಿಡುತ್ತದೆ.

ನಮ್ಮ ಊರಿನಲ್ಲಿ ಇದಕ್ಕೆ ಇನ್ನೊಂದು ಸುಲಭದ ಪರೀಕ್ಷೆ ಇದೆ. ಕರೆಂಟ್ ಹೋದ ಕ್ಷಣವೇ ಅಥವಾ ಯುಪಿಎಸ್‌ಗೆ ಬದಲಾಗುವ ಆ ಒಂದು ಗಳಿಗೆಯಲ್ಲಿ ಲ್ಯಾಪ್‌ಟಾಪ್ ಆಫ್ ಆದರೆ, ಬ್ಯಾಟರಿ ಇದ್ದೂ ಇಲ್ಲದ ಹಾಗೆ. ಒಳ್ಳೆ ಬ್ಯಾಟರಿ ಇರುವ ಲ್ಯಾಪ್‌ಟಾಪಿಗೆ ಕರೆಂಟ್ ಹೋದದ್ದೇ ಗೊತ್ತಾಗಬಾರದು. ಕೆಳಮನೆ ಹುಡುಗಿಯ ಯಂತ್ರದಲ್ಲಿ ಆಗಿದ್ದು ಎರಡೂ ಸೇರಿ. ಬ್ಯಾಟರಿ ಸತ್ತಿತ್ತು, 65 ವ್ಯಾಟ್ ಬೇಕಾದ ಕಡೆ 45 ವ್ಯಾಟಿನ ಚಾರ್ಜರ್ ಕೊಟ್ಟಿದ್ದರು. ವಿಡಿಯೊ ಕರೆ ಶುರುವಾದರೆ ಚಾರ್ಜರಿಗೆ ಸಾಕಾಗುತ್ತಿರಲಿಲ್ಲ, ಕೊರತೆ ತುಂಬಲು ಬ್ಯಾಟರಿಗೆ ಶಕ್ತಿ ಇರಲಿಲ್ಲ.

ಪರೀಕ್ಷೆ ಹೀಗೆ ಮಾಡಿ. ಒಂದು ದಿನ ಬರೀ ಬ್ಯಾಟರಿಯಲ್ಲಿ ಬಳಸಿ. ಇನ್ನೊಂದು ದಿನ, ಬ್ಯಾಟರಿ ಹೊರಗೆ ತೆಗೆಯಲು ಬರುವಂಥದ್ದಾದರೆ, ಬರೀ ಚಾರ್ಜರಿನಲ್ಲಿ. ಸ್ನೇಹಿತರ ಬಳಿ ಅದೇ ಮಾಡೆಲಿನ ಚಾರ್ಜರ್ ಇದ್ದರೆ ಎರಡು ದಿನಕ್ಕೆ ಕೇಳಿ ತನ್ನಿ. ಹೊಸದು ಕೊಳ್ಳುವ ಮೊದಲು ಎರವಲು ತಂದು ನೋಡುವುದು ನನ್ನ ನಿಯಮ. ಪ್ಲಗ್ಗನ್ನು ಬೇರೆ ಕೋಣೆಯ ಸಾಕೆಟ್ಟಿಗೂ ಹಾಕಿ ನೋಡಿ. ಹಳೆ ಬಾಡಿಗೆ ಮನೆಗಳಲ್ಲಿ ಸಾಕೆಟ್ ಸಡಿಲ ಇರುವುದು, ಅರ್ಥಿಂಗ್ ಇಲ್ಲದಿರುವುದು ಉಂಟು. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ.

ಟಚ್‌ಪ್ಯಾಡ್ ಉಬ್ಬಿದೆ, ಕೆಳಗಿನ ಮುಚ್ಚಳ ಬಿರುಕು ಬಿಟ್ಟಿದೆ, ಮೇಜಿನ ಮೇಲಿಟ್ಟರೆ ಅಲ್ಲಾಡುತ್ತದೆ, ಹೀಗೇನಾದರೂ ಕಂಡರೆ ಈಗಲೇ ನಿಲ್ಲಿಸಿ. ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಲು ಹೋಗಬೇಡಿ. ಲಿಥಿಯಂ ಬ್ಯಾಟರಿಗೆ ತೂತಾದರೆ ಬೆಂಕಿ ಹತ್ತಬಹುದು. ಗೊತ್ತಿರುವವರ ಹತ್ತಿರ ತೆಗೆಸಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಬಿಬಿಎಂಪಿ ಕಾಲದಿಂದಲೂ ಮನೆಮುಂದೆ ಬರುವ ಕಸದ ಆಟೊಗೆ ಹಸಿ ಕಸ, ಒಣ ಕಸದ ಜೊತೆ ಹಾಕುವ ವಸ್ತು ಅಲ್ಲ ಅದು.

ಹಂತ 5: ಬಿಸಿ

ಬಿಸಿ ಎಷ್ಟಿದೆ ಎಂದು ತೋರಿಸುವ ಹೆಚ್‌ಡಬ್ಲ್ಯೂ ಇನ್ಫೊ ತಂತ್ರಾಂಶ ಹಾಕಿ, ‘ಸೆನ್ಸರ್ಸ್ ಓನ್ಲಿ’ ಆರಿಸಿ. ಸುಮ್ನೆ ಇದ್ದಾಗ ಪ್ರೊಸೆಸರ್ 40ರಿಂದ 55 ಡಿಗ್ರಿಯಲ್ಲಿದ್ದರೆ ಚಿಂತೆ ಇಲ್ಲ. ಬಹುತೇಕ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರುಗಳ ಮಿತಿ 100 ಡಿಗ್ರಿ. ಅಲ್ಲಿಗೆ ಬರುವ ಹೊತ್ತಿಗೆ ಯಂತ್ರ ಮೊದಲು ವೇಗ ಇಳಿಸಿಕೊಳ್ಳುತ್ತದೆ. ಅದೂ ಸಾಲದೆ ಹೋದರೆ ಆಫ್ ಆಗುತ್ತದೆ. ಅಂದರೆ ಬಿಸಿಯಿಂದ ಆಫ್ ಆಗುವ ಯಂತ್ರ ಅದಕ್ಕೂ ಮೊದಲು ನಿಧಾನ ಆಗಿರಬೇಕು, ಫ್ಯಾನ್ ಜೋರು ಮಾಡಿರಬೇಕು. ಫ್ಯಾನ್ ಸದ್ದೇ ಇಲ್ಲದೆ ಬಿಸಿ ಏರಿದರೆ ಫ್ಯಾನೇ ಕೆಟ್ಟಿದೆ. 60 ಡಿಗ್ರಿಯಲ್ಲಿ ಆಫ್ ಆಗುತ್ತಿದ್ದರೆ ಕಾರಣ ಪ್ರೊಸೆಸರಿನ ಬಿಸಿ ಅಲ್ಲ. ಪೇಸ್ಟ್ ಬದಲಿಸಲು ದುಡ್ಡು ಕೊಡಬೇಡಿ, ಮುಂದಿನ ಹಂತಕ್ಕೆ ಹೋಗಿ.

ಬಿಚ್ಚುವ ಮೊದಲು ಒಂದು ಪರೀಕ್ಷೆ. ಕಂಟ್ರೋಲ್ ಪ್ಯಾನಲಿನ ಪವರ್ ಆಪ್ಷನ್ಸಿನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬುದನ್ನು 100ರಿಂದ 99ಕ್ಕೆ ಇಳಿಸಿ. ಒಂದು ಪರ್ಸೆಂಟ್ ಅಷ್ಟೇ, ಆದರೆ ಸಾಮಾನ್ಯವಾಗಿ ಟರ್ಬೊ ವೇಗ (ಭಾರದ ಕೆಲಸಕ್ಕೆ ಪ್ರೊಸೆಸರ್ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ಪೂರ್ತಿ ನಿಲ್ಲುತ್ತದೆ. ಇದಾದ ಮೇಲೆ ಆಫ್ ಆಗುವುದು ನಿಂತರೆ ಕಾರಣ ಬಿಸಿ ಅಥವಾ ಕರೆಂಟ್, ಎರಡರಲ್ಲೊಂದು. ನನಗೆ ಅತಿ ಹೆಚ್ಚು ಕೈಹಿಡಿದ ಪರೀಕ್ಷೆ ಇದು.

ಬಿಸಿ ನಿಜ ಎಂದಾದರೆ ಕೆಳಗಿನ ಮುಚ್ಚಳ ಬಿಚ್ಚಿ. ಮೊದಲು ಶಟ್‌ಡೌನ್, ಚಾರ್ಜರ್ ಕೀಳಿ, ಒಳಗೆ ಕಂಡ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಯಾವ ಸ್ಕ್ರೂ ಎಲ್ಲಿಂದ ಬಂತು ಎಂದು ಒಂದು ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಅಂಟಿಸಿಕೊಳ್ಳಿ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮದರ್‌ಬೋರ್ಡಿಗೇ ತೂತು ಬೀಳಬಹುದು.

ಫ್ಯಾನ್ ಕಣ್ಣಿಗೆ ಕ್ಲೀನ್ ಕಂಡರೂ, ಗಾಳಿ ಹೊರಗೆ ಹೋಗುವ ಬಾಯಿಯಲ್ಲಿ, ತಾಮ್ರದ ಎಲೆಗಳ ಮುಂದೆ, ಧೂಳು ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ರಸ್ತೆ ಅಗೆತ, ಮೆಟ್ರೊ ಕೆಲಸದ ಪಕ್ಕದ ಮನೆಗಳಲ್ಲಿ ಇದು ಬೇಗ ತುಂಬುತ್ತದೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಬ್ರಷ್ ಅಥವಾ ಬ್ಲೋವರಿನಿಂದ ತೆಗೆಯಿರಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರಿಂದ ಸ್ಥಿರ ವಿದ್ಯುತ್ ಹುಟ್ಟುತ್ತದೆ.

ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಆಲ್ಕೋಹಾಲ್ ಹಚ್ಚಿ ಒರೆಸಿ, ಹೊಸದನ್ನು ಚಿಪ್ಪಿನ ಹೊಳೆಯುವ ಭಾಗ ಮುಚ್ಚುವಷ್ಟು ತೆಳ್ಳಗೆ ಹಚ್ಚಿ. ಸುತ್ತ ಮೆತ್ತನೆಯ ಪ್ಯಾಡ್ ತುಂಡುಗಳಿದ್ದರೆ ಅವನ್ನು ಎಸೆದು ಅಲ್ಲಿ ಪೇಸ್ಟ್ ತುಂಬಬೇಡಿ. ಅವು ಬೇರೆ ಎತ್ತರದ ಚಿಪ್‌ಗಳಿಗಾಗಿ ಇರುವಂಥವು. ಚಿಪ್ಪಿನ ಮೇಲೆ ಕೂರುವ ಲೋಹದ ಹೀಟ್‌ಸಿಂಕಿನಲ್ಲಿ 1, 2, 3 ಎಂದು ನಂಬರ್ ಇರುತ್ತದೆ, ಸ್ಕ್ರೂಗಳನ್ನು ಅದೇ ಕ್ರಮದಲ್ಲಿ ಬಿಗಿ ಮಾಡಿ.

ಹಂತ 6: ರ‍್ಯಾಮ್

ವಿಂಡೋಸಿನ ಮೆಮೊರಿ ಪರೀಕ್ಷೆ ಬೇಗ ಮುಗಿಯುತ್ತದೆ, ಆದರೆ ಎಷ್ಟೋ ದೋಷ ಅದಕ್ಕೆ ಸಿಗುವುದಿಲ್ಲ. ಅದು ‘ಸರಿ ಇದೆ’ ಅಂದಿತು ಎಂದು ನಂಬಿ ಕೂತವರೇ ಜಾಸ್ತಿ. ಮೆಮ್‌ಟೆಸ್ಟ್ 86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್ ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ (ಅಂದರೆ ಯಂತ್ರವನ್ನು ವಿಂಡೋಸಿನ ಬದಲು ಪೆನ್ ಡ್ರೈವಿನಿಂದ ಶುರುಮಾಡಿ), ರಾತ್ರಿ ಪೂರ್ತಿ ಓಡಲು ಬಿಡಿ. ಡೆಲ್ ಮತ್ತು ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಮೆನು ಬರುತ್ತದೆ. ಗುರುತಿಲ್ಲದ ತಂತ್ರಾಂಶದಿಂದ ಶುರುವಾಗದಂತೆ ಕಾಯುವ ಸೆಕ್ಯೂರ್ ಬೂಟ್ ತಡೆದರೆ ಬಯಾಸಿನಲ್ಲಿ ಅದನ್ನು ಆಫ್ ಮಾಡಿ, ಪರೀಕ್ಷೆ ಮುಗಿದ ಮೇಲೆ ಮತ್ತೆ ಆನ್ ಮಾಡಿ. ಬಿಟ್‌ಲಾಕರ್ ಕೀ ಬರೆದಿಡಲು ಹೇಳಿದ್ದು ಇದಕ್ಕೇ.

ಕಡಿಮೆ ಎಂದರೂ ನಾಲ್ಕು ಸುತ್ತು ಮುಗಿಯಲಿ. ಒಂದೇ ಒಂದು ತಪ್ಪು ಬಂದರೂ ರ‍್ಯಾಮ್ ಫೇಲ್. ‘ಒಂದೇ ತಾನೇ’ ಎಂದು ಬಿಡಬೇಡಿ.

ತಪ್ಪು ಬಂದರೆ ಕೂಡಲೇ ಹೊಸ ರ‍್ಯಾಮ್ ಕೊಳ್ಳಬೇಡಿ. ಎರಡು ತುಂಡಿದ್ದರೆ ಒಂದನ್ನು ತೆಗೆದು, ಉಳಿದದ್ದನ್ನು ಮೊದಲ ಸ್ಲಾಟಿನಲ್ಲಿ ಓಡಿಸಿ. ಆಮೇಲೆ ಎರಡನೆಯದರಲ್ಲಿ. ಮತ್ತೆ ಇನ್ನೊಂದು ತುಂಡು. ತಪ್ಪು ತುಂಡಿನ ಜೊತೆ ಹೋದರೆ ತುಂಡು ಕೆಟ್ಟಿದೆ. ಯಾವ ತುಂಡು ಹಾಕಿದರೂ ಒಂದೇ ಸ್ಲಾಟಿನಲ್ಲಿ ಬಂದರೆ ಸ್ಲಾಟ್ ಕೆಟ್ಟಿದೆ, ಅಂದರೆ ಬೋರ್ಡ್. ಒಂದೊಂದೇ ಹಾಕಿದಾಗ ಎರಡೂ ಪಾಸಾಗಿ, ಸೇರಿಸಿದಾಗ ಮಾತ್ರ ತಪ್ಪು ಬಂದರೆ ಅವೆರಡೂ ಹೊಂದುತ್ತಿಲ್ಲ. 8 ಜಿಬಿಯನ್ನು 16 ಮಾಡಿ ಮಾರುವಾಗ ಕೈಗೆ ಸಿಕ್ಕಿದ ತುಂಡು ಸೇರಿಸಿದ ಯಂತ್ರಗಳಲ್ಲಿ ಇದನ್ನು ನೋಡಿದ್ದೇನೆ. ಡಿಡಿಆರ್3 ಎಂಬ ಹಳೆ ಬಗೆಯ ರ‍್ಯಾಮ್ ಇರುವ ಯಂತ್ರವಾದರೆ ವೋಲ್ಟೇಜನ್ನೂ ನೋಡಿ. ನಾಲ್ಕನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ತುಂಡೇ ಬೇಕು, 1.5 ವೋಲ್ಟಿನದು ನಡೆಯುವುದಿಲ್ಲ.

ಹಂತ 7: ಪೆನ್ ಡ್ರೈವಿನಿಂದ ಲಿನಕ್ಸ್

ಇಷ್ಟರಲ್ಲೂ ಸಿಗಲಿಲ್ಲವಾ? ಲಿನಕ್ಸ್ ಅಂದರೆ ವಿಂಡೋಸಿನ ಬದಲು ಓಡಿಸಬಹುದಾದ ಉಚಿತ ವ್ಯವಸ್ಥೆ. ಅದರ ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ರೂಪವನ್ನು ಪೆನ್ ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆರಿಸಿ ಬಳಸಿ. ಯೂಟ್ಯೂಬ್ ಹಾಕಿ, ನೋಟ್‌ಬುಕ್ಕಿನಲ್ಲಿ ಬರೆದ ಅದೇ ಪರಿಸ್ಥಿತಿ ತನ್ನಿ. ಅದೇ ಚಾರ್ಜರ್, ಅದೇ ಜಾಗ, ಅಷ್ಟೇ ಹೊತ್ತು.

ಇಲ್ಲೂ ಆಫ್ ಆದರೆ ವಿಂಡೋಸಿನ ತಪ್ಪಲ್ಲ, ಹಾರ್ಡ್‌ವೇರ್. ಫಾರ್ಮ್ಯಾಟಿನ ಆಸೆ ಬಿಡಿ. ಆಗಲಿಲ್ಲ ಅಂದರೆ ವಿಂಡೋಸ್, ಡ್ರೈವರ್ ಅಥವಾ ಡಿಸ್ಕ್. ಡಿಸ್ಕನ್ನು ಯಾಕೆ ಸೇರಿಸಿದೆ ಅಂದರೆ, ಈ ಪರೀಕ್ಷೆಯಲ್ಲಿ ಯಂತ್ರ ಪೆನ್ ಡ್ರೈವಿನಿಂದ ಓಡುತ್ತದೆ, ಒಳಗಿನ ಡಿಸ್ಕನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ.

ಹಂತ 8: ಡ್ರೈವರ್, ಬಯಾಸ್, ಕೊನೆಗೆ ಫಾರ್ಮ್ಯಾಟ್

ಡ್ರೈವರುಗಳನ್ನು ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಿಂದಲೇ, ಕೆಳಗಿನ ಸೀರಿಯಲ್ ನಂಬರ್ ಅಥವಾ ಸರ್ವೀಸ್ ಟ್ಯಾಗ್ ಕೊಟ್ಟು ಇಳಿಸಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ’ ಎನ್ನುವ ತಂತ್ರಾಂಶಗಳನ್ನು ಹಾಕಬೇಡಿ. ಮೊದಲು ಚಿಪ್‌ಸೆಟ್ (ಮದರ್‌ಬೋರ್ಡಿನದು), ಆಮೇಲೆ ಗ್ರಾಫಿಕ್ಸ್, ಆಮೇಲೆ ವೈಫೈ. ಒಂದೊಂದರ ನಡುವೆ ಒಂದು ದಿನ ಬಿಡಿ. ಬಗ್‌ಚೆಕ್ 159 ಬರುತ್ತಿದ್ದವರು ಪವರ್ ಆಪ್ಷನ್ಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ ನೋಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ, ನಿಯಮದ ಪ್ರಕಾರ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಆರನೇ, ಏಳನೇ ತಲೆಮಾರಿನ ಯಂತ್ರಕ್ಕೆ ತಡೆ ದಾಟಿಸಿ 11 ಹಾಕಿ ಮಾರಿರಬಹುದು. ಹಾಗೆ ಹಾಕಿದ್ದರಲ್ಲಿ ಡ್ರೈವರ್ ತೊಂದರೆ ಬಂದರೆ ಕಂಪನಿಯ ಸಹಾಯ ಸಿಗುವುದಿಲ್ಲ. ಕಳ್ಳ ಆಕ್ಟಿವೇಟರ್ ಹಾಕಿದ ವಿಂಡೋಸ್ ಇದ್ದರಂತೂ ಅದರ ಮೇಲೆ ಮಾಡಿದ ಯಾವ ಪರೀಕ್ಷೆಯನ್ನೂ ನಾನು ನಂಬುವುದಿಲ್ಲ.

ಬಯಾಸ್ ಅಪ್‌ಡೇಟ್ ಮಾಡುವುದಾದರೆ ಬ್ಯಾಟರಿ ತುಂಬಿರಬೇಕು, ಚಾರ್ಜರ್ ಹಾಕಿರಬೇಕು. ಬ್ಯಾಟರಿ ಸತ್ತ ಯಂತ್ರದಲ್ಲಿ ಮಾಡಲೇಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೆ ಹೋಗಬಹುದು. ಸಂಜೆ ಗುಡುಗು ಮಳೆ ಬರುವ ಏಪ್ರಿಲ್, ಮೇನಲ್ಲಿ ಈ ಕೆಲಸವನ್ನು ಬೆಳಿಗ್ಗೆ ಇಟ್ಟುಕೊಳ್ಳಿ.

ಇವೆಲ್ಲ ಆದ ಮೇಲೆ ಫಾರ್ಮ್ಯಾಟ್. ಮೈಕ್ರೋಸಾಫ್ಟ್‌ನಿಂದಲೇ ಇಳಿಸಿದ ಫೈಲಿನಿಂದ, ಎಲ್ಲ ಪಾರ್ಟಿಷನ್ ಅಳಿಸಿ, ಪೂರ್ತಿ ಹೊಸದಾಗಿ. ಅಂಗಡಿಯವರ ಪೆನ್ ಡ್ರೈವಿನಲ್ಲಿರುವ ರೆಡಿ ಕಾಪಿ ಬೇಡ.

ಹಂತ 9: ಯಾವಾಗ ಕೈಬಿಡಬೇಕು

ಕೀಬೋರ್ಡ್ ಪಕ್ಕ ಸ್ವಲ್ಪ ಒತ್ತಿದರೆ ಅಥವಾ ಒಂದು ಮೂಲೆ ಹಿಡಿದು ಎತ್ತಿದರೆ ಆಫ್ ಆಗುತ್ತದೆ. ಬೋರ್ಡಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಾಣುತ್ತದೆ, ಅಂದರೆ ಹಿಂದೆ ನೀರೋ ಕಾಫಿಯೋ ಬಿದ್ದಿದೆ. ಸುಟ್ಟ ವಾಸನೆ ಬರುತ್ತದೆ. ಇವು ಬೋರ್ಡಿನ ಲಕ್ಷಣಗಳು, ಮನೆಯಲ್ಲಿ ಸರಿಮಾಡುವಂಥವಲ್ಲ. ಗ್ರಾಫಿಕ್ಸ್ ಚಿಪ್ಪಿಗೆ ಬಿಸಿ ಕೊಟ್ಟು ಸರಿಮಾಡುತ್ತೇವೆ ಎಂದರೆ ಒಪ್ಪಬೇಡಿ. ಅದು ಕೆಲವು ವಾರ ನಡೆದು ಮತ್ತೆ ನಿಲ್ಲುವುದೇ ಹೆಚ್ಚು. ರಿಪೇರಿಯ ಮೊತ್ತ ನೀವು ಕೊಟ್ಟ ಬೆಲೆಯ ಅರ್ಧ ದಾಟಿದರೆ ನಾನಾದರೆ ಮಾಡಿಸುವುದಿಲ್ಲ. ರ‍್ಯಾಮ್, ಎಸ್‌ಎಸ್‌ಡಿ, ಚಾರ್ಜರ್ ತೆಗೆದಿಟ್ಟುಕೊಂಡು ಯಂತ್ರ ಬಿಟ್ಟುಬಿಡುತ್ತೇನೆ.

ರಿಪೇರಿಗೆ ಕೊಡುವಾಗ ‘ಆಫ್ ಆಗುತ್ತೆ, ನೋಡಿ’ ಎಂದು ಕೊಡಬೇಡಿ. ‘ಅಣ್ಣ, ಮೆಮ್‌ಟೆಸ್ಟ್ ನಾಲ್ಕು ಸುತ್ತು ಪಾಸ್ ಆಗಿದೆ, ಡಿಸ್ಕ್ ಗುಡ್ ತೋರಿಸುತ್ತೆ, ಚಾರ್ಜರ್ ಬೇರೆದು ಹಾಕಿ ನೋಡಿದ್ದೀನಿ, ಲಿನಕ್ಸಿನಲ್ಲೂ ಆಫ್ ಆಗುತ್ತೆ’ ಎಂದು ಹೇಳಿ, ನೋಟ್‌ಬುಕ್ಕಿನ ಪುಟದ ಫೋಟೊ ತೋರಿಸಿ. ಒಳ್ಳೆ ಮೆಕ್ಯಾನಿಕ್ ಇದನ್ನು ಕೇಳಿದರೆ ನೇರ ಬೋರ್ಡಿಗೇ ಕೈ ಹಾಕುತ್ತಾನೆ. ಇಷ್ಟು ಕೇಳಿಯೂ ‘ಮೊದಲು ಫಾರ್ಮ್ಯಾಟ್ ಮಾಡೋಣ’ ಎಂದರೆ ಯಂತ್ರ ವಾಪಸ್ ತಗೊಂಡು ಬನ್ನಿ.

ಸರಿಹೋಯಿತು ಎಂದು ಯಾವಾಗ ಹೇಳಬಹುದು?

ಒಂದು ದಿನ ಆಫ್ ಆಗಲಿಲ್ಲ ಎಂದರೆ ಏನೂ ಸಾಬೀತಾಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಕ್ರ್ಯಾಶ್‌ಗಳ ನಡುವಿನ ಅತಿ ದೊಡ್ಡ ಅಂತರ ಎಷ್ಟು ನೋಡಿ. ಮೂರು ದಿನ ಇದ್ದರೆ, ಅದರ ಮೂರು ಪಟ್ಟು, ಅಂದರೆ ಒಂಬತ್ತು ದಿನ, ಮೊದಲಿನಷ್ಟೇ ಕೆಲಸ ಕೊಟ್ಟು ಬಳಸಿ. ಆಮೇಲೆ 99ಕ್ಕೆ ಇಳಿಸಿದ್ದ ಪ್ರೊಸೆಸರನ್ನು 100ಕ್ಕೆ ಏರಿಸಿ ಇನ್ನೊಂದು ಒಂಬತ್ತು ದಿನ. ಅಲ್ಲಿಯವರೆಗೆ ಬದಲಿಸಿದ ಹಳೆ ರ‍್ಯಾಮ್, ಹಳೆ ಚಾರ್ಜರ್, ಹಳೆ ಡಿಸ್ಕ್ ಎಲ್ಲದಕ್ಕೂ ತಾರೀಕಿನ ಚೀಟಿ ಅಂಟಿಸಿ ಒಂದು ಡಬ್ಬದಲ್ಲಿ ಇಟ್ಟಿರಿ. ಊದಿದ ಬ್ಯಾಟರಿಯೊಂದನ್ನು ಮಾತ್ರ ಇಟ್ಟುಕೊಳ್ಳಬೇಡಿ, ತೆಗೆದ ದಿನವೇ ಮನೆಯಿಂದ ಕಳಿಸಿ.